ನಮ್ಮ ಓಣಿಯ ನಕ್ಷೆಯನ್ನು ನಾವೇ ಬರೆಯೋಣ

ಕಳೆದ ಮಳೆಗಾಲದ ಒಂದು ಸಂಗತಿಯನ್ನು ಮೊದಲು ಹೇಳಿ ಆಮೇಲೆ ವಿಷಯಕ್ಕೆ ಬರುತ್ತೇವೆ. ಪರೇಲಿನ ಕಡೆ ಒಂದು ಹಳೆಯ ಚಾಳಿನ ಹಿಂದಣ ಓಣಿಯಲ್ಲಿ ಹೋಟೆಲಿನ ಹತ್ತು ಜನ ಕೂಡಿ ವಾಸಿಸುವ ಖೋಲಿ ಇದೆ. ಅಲ್ಲಿದ್ದ ನಮ್ಮ ಸಂಘದ ಸದಸ್ಯರು, ಮೂವತ್ತು ವರ್ಷ ಒಲೆಯ ಮುಂದೆ ನಿಂತು ದುಡಿದ ಹಿರಿಯ ಭಟ್ಟರು. ರಾತ್ರಿ ಒಂದೂವರೆ ಗಂಟೆಗೆ ಅವರಿಗೆ ಎದೆನೋವು ಬಂತು. ಹುಡುಗರು ಕೂಡಲೇ ಅಂಬ್ಯುಲೆನ್ಸಿಗೆ ಫೋನು ಮಾಡಿದರು. ಗಾಡಿ ತಡಮಾಡದೆ ಹೊರಟಿತು. ಆದರೆ ಚಾಲಕನ ಫೋನಿನಲ್ಲಿದ್ದ ನಕ್ಷೆ ಅವನನ್ನು ಕೊಂಡೊಯ್ದು ನಿಲ್ಲಿಸಿದ್ದು ಎಂದೋ ಮುಚ್ಚಿಹೋದ ಗಿರಣಿಯ ಹಳೆಯ ಗೇಟಿನ ಮುಂದೆ. ಆ ಗೇಟು ಈಗ ಇಲ್ಲ. ಅಲ್ಲಿರುವುದು ಎರಡಾಳೆತ್ತರದ ತಗಡಿನ ಬೇಲಿ. ಓಣಿಯ ಬಾಯಿ ಇರುವುದು ಬೇಲಿಯ ಆಚೆಗೆ, ಒಂದು ಸುತ್ತು ಬಳಸಿ ಬರಬೇಕಾದ ಕಡೆಯಲ್ಲಿ.

ಫೋನಿನಲ್ಲಿ ದಾರಿ ಹೇಳುವುದು, ಕೇಳುವುದು, ಪುನಃ ತಪ್ಪುವುದು, ಇದರಲ್ಲಿಯೇ ಇಪ್ಪತ್ತೈದು ನಿಮಿಷ ಕಳೆಯಿತು. ಕೊನೆಗೆ ನಾಲ್ವರು ಹುಡುಗರು ಒಂದು ಬೆಂಚಿನ ಮೇಲೆ ಅವರನ್ನು ಮಲಗಿಸಿ, ಮೊಣಕಾಲುದ್ದದ ಮಳೆನೀರಿನಲ್ಲಿ ಹೊತ್ತುಕೊಂಡು ಹೋಗಿ ದೊಡ್ಡ ರಸ್ತೆಗೆ ಮುಟ್ಟಿಸಿದರು. ಅವರು ಬದುಕಿದರು, ಅಷ್ಟು ಸಮಾಧಾನ. ಆದರೆ ಇನ್ನು ಒಲೆಯ ಮುಂದೆ ನಿಲ್ಲುವ ಶಕ್ತಿ ಅವರಿಗಿಲ್ಲ. ಉಡುಪಿಯ ಕಡೆಯ ತಮ್ಮ ಊರಿಗೆ ಹೋಗಿ ಕುಳಿತಿದ್ದಾರೆ. ಸ್ವಲ್ಪ ಮೊದಲೇ ತಂದಿದ್ದರೆ ಒಳ್ಳೆಯದಿತ್ತು ಎಂದು ಡಾಕ್ಟರರು ಹೇಳಿದ ಮಾತು ಆ ನಾಲ್ವರು ಹುಡುಗರ ಮನಸ್ಸಿನಲ್ಲಿ ಇಂದಿಗೂ ಇದೆ.

ತಪ್ಪು ಯಾರದು? ಚಾಲಕನದಲ್ಲ. ಅವನೂ ನಮ್ಮಂತೆಯೇ ರಾತ್ರಿಪಾಳಿಯ ಕಾರ್ಮಿಕ. ಅವನ ಕೈಯಲ್ಲಿದ್ದ ನಕ್ಷೆಯಲ್ಲಿ ನಮ್ಮ ಓಣಿಯೇ ಇರಲಿಲ್ಲ. ಇಲ್ಲದ ಗೇಟು ಇತ್ತು, ಇರುವ ಓಣಿ ಇರಲಿಲ್ಲ. ನೂರಾರು ಜನ ಹುಟ್ಟಿ, ದುಡಿದು, ಸತ್ತ ಒಂದು ಓಣಿ ನಕ್ಷೆಯ ಲೆಕ್ಕದಲ್ಲಿ ಬರಿಯ ಬೂದುಬಣ್ಣದ ಜಾಗ. ಇಂದು ನಾವು ಬರೆಯಹೊರಟಿರುವುದು ಈ ಬೂದುಬಣ್ಣದ ವಿಷಯವನ್ನೇ.

ಹೋಟೆಲಿನಿಂದ ಅಂಗಡಿ ಆಫೀಸುಗಳಿಗೆ ಚಹಾ ಕೊಂಡೊಯ್ಯುವ ಹುಡುಗನನ್ನು ನಾವು ಬಾಹರ್‌ವಾಲಾ ಎನ್ನುತ್ತೇವೆ. ಯಾವ ಕಟ್ಟಡದ ಎಷ್ಟನೆಯ ಮಾಳಿಗೆಯಲ್ಲಿ ಯಾವ ಆಫೀಸು, ಯಾವ ಜಿನೆ ಮುರಿದಿದೆ, ಯಾವ ಗಲ್ಲಿ ಮಳೆಗೆ ತುಂಬುತ್ತದೆ, ಯಾವ ಗೇಟು ಮಧ್ಯಾಹ್ನ ಮುಚ್ಚುತ್ತದೆ, ಇವೆಲ್ಲ ಅವನಿಗೆ ಬಾಯಿಪಾಠ. ಅವನಿಗಿಂತ ಒಳ್ಳೆಯ ನಕ್ಷೆ ಈ ನಗರದ ಯಾವ ಕಚೇರಿಯಲ್ಲಿಯೂ ಇಲ್ಲ. ಆದರೆ ಆ ನಕ್ಷೆ ಅವನ ಕಾಲಿನಲ್ಲಿದೆ, ಕಾಗದದ ಮೇಲಿಲ್ಲ. ಅವನು ಕೆಲಸ ಬಿಟ್ಟ ದಿನ ಅದೂ ಅವನೊಡನೆ ಹೋಗುತ್ತದೆ. ಬಲ್ಲವರು ನಾವು. ಬರೆದವರು ಬೇರೆಯವರು. ಬರೆದವರ ಮಾತೇ ಲೋಕಕ್ಕೆ ಪ್ರಮಾಣ.

ಇದು ಇಂದು ನಿನ್ನೆಯ ಕಥೆಯಲ್ಲ. 1802ನೆಯ ಇಸವಿಯ ಏಪ್ರಿಲ್ 10ರಂದು ಮದ್ರಾಸಿನ ಬಳಿ ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿ ಏಳೂವರೆ ಮೈಲಿ ಉದ್ದದ ಒಂದು ಗೆರೆಯನ್ನು ಉಕ್ಕಿನ ಸರಪಳಿಯಿಂದ ಅಳೆಯತೊಡಗಿದ. ಆ ಗೆರೆಯಿಂದ ತ್ರಿಕೋನದ ಮೇಲೆ ತ್ರಿಕೋನ ಕಟ್ಟುತ್ತ ಅವನ ಮೋಜಣಿ ಬೆಂಗಳೂರನ್ನು ಹಾದು, ಘಟ್ಟ ಇಳಿದು, ನಮ್ಮ ಮಂಗಳೂರಿನ ಕಡಲಿಗೆ ಮುಟ್ಟಿತು. ಪೂರ್ವದ ಕಡಲಿನಿಂದ ಪಶ್ಚಿಮದ ಕಡಲಿಗೆ ನಾನೂರು ಮೈಲಿ ಎಂದು ಅದುವರೆಗೆ ಹೇಳುತ್ತಿದ್ದರು. ಅಳೆದಾಗ ಅದು ಮುನ್ನೂರ ಅರುವತ್ತೇ ಆಯಿತು. ಈ ಕೆಲಸಕ್ಕೆ ಬೇಕಾದ ಯಂತ್ರ ಅರ್ಧ ಟನ್ ಭಾರ. ಅದನ್ನು ಬೆಟ್ಟದ ನೆತ್ತಿಗೆ ಹೊತ್ತವರು ಯಾರು? ನಿಶಾನೆ ಹಿಡಿದು ಬಿಸಿಲಿನಲ್ಲಿ ನಿಂತವರು ಯಾರು? ಸರಪಳಿ ಎಳೆದವರು ಯಾರು? ಈ ದೇಶದ ಖಲಾಸಿಗಳು, ಕೂಲಿಗಳು. ಜ್ವರದಿಂದ ಸತ್ತವರು ಎಷ್ಟೋ ಮಂದಿ. ಅವರಲ್ಲಿ ಒಬ್ಬನ ಹೆಸರೂ ನಕ್ಷೆಯ ಮೇಲಿಲ್ಲ. ಮುಂದೆ ಇದೇ ಮೋಜಣಿಯಲ್ಲಿ ಲೋಕದ ಅತ್ಯಂತ ಎತ್ತರದ ಶಿಖರ ಯಾವುದೆಂದು 1852ರಲ್ಲಿ ಲೆಕ್ಕ ಹಾಕಿ ತೋರಿಸಿದವರು ಬಂಗಾಳದ ರಾಧಾನಾಥ ಸಿಕದಾರರು. 1865ರಲ್ಲಿ ಆ ಶಿಖರಕ್ಕೆ ಇಟ್ಟ ಹೆಸರು ನಿವೃತ್ತನಾದ ಮೇಲಧಿಕಾರಿ ಎವರೆಸ್ಟನದು.

ಸ್ವಾತಂತ್ರ್ಯ ಬಂದ ಮೇಲಾದರೂ ನಕ್ಷೆ ಜನರ ಕೈಗೆ ಬಂತೆ? ಬಹುಕಾಲ ಬರಲಿಲ್ಲ. 1767ರಲ್ಲಿ ಸ್ಥಾಪಿತವಾದ ಸರ್ವೇ ಆಫ್ ಇಂಡಿಯಾ ಇಲಾಖೆಯ ವಿವರವಾದ ನಕ್ಷೆಗಳು, ಗಡಿಯ ಮತ್ತು ಕಡಲಂಚಿನ ಪ್ರದೇಶದವು, ಸಾಮಾನ್ಯನಿಗೆ ಸಿಗುತ್ತಿರಲಿಲ್ಲ. ದೇಶದ ರಕ್ಷಣೆಯ ಕಾರಣದಿಂದ ಹಾಗೆ ಮಾಡಿದ್ದರು. ಆ ಕಾರಣವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಅದರ ಪರಿಣಾಮವಾಗಿ ಕುಂದಾಪುರದವನಿಗೆ ತನ್ನ ಊರಿನ ವಿವರ ನಕ್ಷೆಯೂ ಕೈಗೆಟುಕಲಿಲ್ಲ, ಹೊಟ್ಟೆಪಾಡಿಗೆ ಬಂದು ಸೇರಿದ ಮುಂಬಯಿಯದೂ ಎಟುಕಲಿಲ್ಲ. 2005ರ ರಾಷ್ಟ್ರೀಯ ನಕ್ಷಾ ನೀತಿ ರಕ್ಷಣೆಗೆ ಒಂದು, ಸಾರ್ವಜನಿಕರಿಗೆ ಒಂದು ಎಂದು ಎರಡು ಮಾಲೆಗಳನ್ನು ಮಾಡಿತು. 2016ರಲ್ಲಿ ಒಂದು ಮಸೂದೆಯ ಕರಡು ಹೊರಬಂತು. ಅದರಂತೆ, ಪರವಾನಗಿಯಿಲ್ಲದೆ ಭೂಮಿಯ ಮಾಹಿತಿ ಸಂಗ್ರಹಿಸಿದವನಿಗೆ ನೂರು ಕೋಟಿ ರೂಪಾಯಿಯವರೆಗೆ ದಂಡ, ಏಳು ವರ್ಷದವರೆಗೆ ಸೆರೆ! ಎಲ್ಲೆಡೆ ವಿರೋಧ ಬಂದು ಅದು ಕಾನೂನಾಗಲಿಲ್ಲ. ಕೊನೆಗೆ 2021ರ ಫೆಬ್ರವರಿ 15ರಂದು ಕೇಂದ್ರ ಸರಕಾರ ಹೊಸ ಮಾರ್ಗಸೂಚಿ ಹೊರಡಿಸಿತು. ರಕ್ಷಣೆಗೆ ಸಂಬಂಧಪಟ್ಟ ಕೆಲವು ನಿರ್ಬಂಧಗಳನ್ನುಳಿದು, ಭಾರತೀಯರು ನಕ್ಷೆ ಮಾಡಲು ಮುಂಚಿತವಾಗಿ ಅನುಮತಿ ಪಡೆಯಬೇಕಾಗಿಲ್ಲ ಎಂದು ಅದು ಸಾರಿತು. ಬಾಗಿಲು ತೆರೆದಿದೆ. ಒಳಗೆ ಕಾಲಿಡಬೇಕಾದವರು ನಾವು.

ಕಾಲಿಡುವುದು ಹೇಗೆ? ನಮ್ಮಲ್ಲಿ ಹಣವಿಲ್ಲ, ಯಂತ್ರವಿಲ್ಲ, ಇಂಜಿನಿಯರುಗಳಿಲ್ಲ ಎಂದು ಓದುಗರು ಕೇಳುವುದು ನ್ಯಾಯವೇ. ಅದಕ್ಕೆ ಉತ್ತರ ಇಪ್ಪತ್ತು ವರ್ಷದ ಹಿಂದೆಯೇ ಸಿಕ್ಕಿದೆ. ಇಂಗ್ಲೆಂಡಿನಲ್ಲಿ ಆರ್ಡ್‌ನೆನ್ಸ್ ಸರ್ವೇ ಎಂಬ ಸರಕಾರಿ ಸಂಸ್ಥೆ ದೇಶದ ನಕ್ಷೆ ಮಾಡುತ್ತದೆ. ಆದರೆ ಆ ನಕ್ಷೆಯ ಮಾಹಿತಿಯನ್ನು ಬಳಸಬೇಕಾದರೆ ಜನರು ದೊಡ್ಡ ಹಣ ಕೊಡಬೇಕಾಗಿತ್ತು. 2004ರಲ್ಲಿ ಲಂಡನಿನ ಸ್ಟೀವ್ ಕೋಸ್ಟ್ ಎಂಬ ವಿದ್ಯಾರ್ಥಿ, ನಾವೇ ಒಂದು ನಕ್ಷೆ ಮಾಡೋಣ ಎಂದು ಹೊರಟ. ಜನ ಜೇಬಿನಲ್ಲಿ ಜಿ.ಪಿ.ಎಸ್. ಯಂತ್ರವಿಟ್ಟು ಸೈಕಲಿನ ಮೇಲೆ, ಕಾಲ್ನಡಿಗೆಯಲ್ಲಿ ಬೀದಿ ಬೀದಿ ತಿರುಗಿದರು. ತಿರುಗಿದ ಗೆರೆಯನ್ನು ಕಂಪ್ಯೂಟರಿಗೆ ತುಂಬಿ ಬೀದಿಯ ಹೆಸರು ಬರೆದರು. 2006ರ ಮೇ ತಿಂಗಳಿನಲ್ಲಿ ಐಲ್ ಆಫ್ ವೈಟ್ ಎಂಬ ದ್ವೀಪಕ್ಕೆ ಒಂದು ಗುಂಪು ಕೂಡಿ ಹೋಗಿ, ವಾರದ ಕೊನೆಯ ಎರಡು ಮೂರು ದಿನಗಳಲ್ಲಿ ಅಲ್ಲಿಯ ಬಹುಪಾಲು ರಸ್ತೆಗಳನ್ನು ತಿರುಗಿ ಬರೆಯಿತು. ಈ ನಕ್ಷೆಯ ಹೆಸರು ಓಪನ್‌ಸ್ಟ್ರೀಟ್‌ಮ್ಯಾಪ್. ಕನ್ನಡದಲ್ಲಿ ಹೇಳುವುದಾದರೆ ಮುಕ್ತ ಬೀದಿನಕ್ಷೆ. ಇಂದು ಅದು ಜಗತ್ತಿನ ಎಲ್ಲ ದೇಶಗಳನ್ನೂ ವ್ಯಾಪಿಸಿದೆ. ಅದರಲ್ಲಿ ಹೆಸರು ನೋಂದಾಯಿಸಿದವರ ಸಂಖ್ಯೆ ಒಂದು ಕೋಟಿಯನ್ನು ಮೀರಿದೆ. ಅವರಲ್ಲಿ ನಿಜವಾಗಿ ಕೈಹಾಕಿ ಬರೆಯುವವರು ಒಂದು ಪಾಲು ಮಾತ್ರ. ಅದೂ ಸಂಘಗಳಲ್ಲಿ ದುಡಿಯುವವರಿಗೆ ಹೊಸ ಸಂಗತಿಯಲ್ಲ!

ಈ ನಕ್ಷೆ ಯಾರ ಸೊತ್ತೂ ಅಲ್ಲ, ಅಂದರೆ ಎಲ್ಲರ ಸೊತ್ತು. ಯಾರೂ ನೋಡಬಹುದು, ಇಡಿಯಾಗಿ ತೆಗೆದುಕೊಳ್ಳಬಹುದು, ಅಚ್ಚು ಹಾಕಬಹುದು, ಮಾರಲೂಬಹುದು. ಷರತ್ತು ಎರಡೇ. ಮೊದಲನೆಯದು, ಇದು ಯಾರ ದುಡಿಮೆಯೆಂದು ಹೇಳಬೇಕು. ಎರಡನೆಯದು, ಇದರ ಮಾಹಿತಿಗೆ ನೀನು ಸೇರಿಸಿ ತಿದ್ದಿದ್ದನ್ನು ಹೊರಗೆ ಹಂಚುವುದಾದರೆ ಇದೇ ಷರತ್ತಿನ ಮೇಲೆ ಎಲ್ಲರಿಗೂ ಸಿಗುವಂತೆ ಹಂಚಬೇಕು. ನಮ್ಮ ಊರಿನ ಹೆಪ್ಪಿನ ಪದ್ಧತಿಯನ್ನು ನೆನೆಯಿರಿ. ನೆರೆಮನೆಯಿಂದ ಒಂದು ಚಮಚ ಹೆಪ್ಪು ತಂದು ಮೊಸರು ಮಾಡಿಕೊಳ್ಳುತ್ತೇವೆ. ನಾಳೆ ಇನ್ನೊಬ್ಬರು ಹೆಪ್ಪು ಕೇಳಲು ಬಂದರೆ ಇಲ್ಲವೆನ್ನುವ ಹಾಗಿಲ್ಲ. ಈ ನಕ್ಷೆಯ ನಿಯಮವೂ ಅದೇ.

ನಕ್ಷೆಯಂತೆಯೇ ಅದನ್ನು ಬರೆಯುವ ಉಪಕರಣಗಳೂ ಮುಕ್ತವಾಗಿವೆ. 2002ರಲ್ಲಿ ಅಮೆರಿಕದ ಗ್ಯಾರಿ ಶೆರ್ಮನ್ ಎಂಬವರು ಪ್ರಾರಂಭಿಸಿದ ಕ್ಯೂಜಿಐಎಸ್ ಎಂಬ ತಂತ್ರಾಂಶ ಇಂದು ಲೋಕದ ಕಾಲೇಜುಗಳಲ್ಲಿಯೂ ಸರಕಾರಿ ಕಚೇರಿಗಳಲ್ಲಿಯೂ ಬಳಕೆಯಲ್ಲಿದೆ. ಇದಕ್ಕೆ ಒಂದು ಕಾಸೂ ಕೊಡಬೇಕಾಗಿಲ್ಲ. ಅಷ್ಟೇ ಅಲ್ಲ, ಅದು ಕೆಲಸ ಮಾಡುವ ಬಗೆಯನ್ನು ಬಿಚ್ಚಿ ನೋಡಿ ತಿದ್ದಲೂ ಸ್ವಾತಂತ್ರ್ಯವಿದೆ. ಹೋಟೆಲಿನವರಿಗೆ ಅರ್ಥವಾಗುವಂತೆ ಹೇಳಿದರೆ, ಇದು ಅಡಿಗೆಮನೆಯ ಬಾಗಿಲು ತೆರೆದಿಟ್ಟ ಹೋಟೆಲು. ಸಾರಿಗೆ ಏನು ಹಾಕಿದ್ದಾರೆಂದು ಒಳಗೆ ಹೋಗಿ ನೋಡಬಹುದು. ಬೇಕಾದರೆ ಅದೇ ಸಾರನ್ನು ಮನೆಯಲ್ಲಿ ಇನ್ನೂ ಚೆನ್ನಾಗಿ ಮಾಡಬಹುದು.

ಇದು ಬಿಡುವಿದ್ದವರ ಆಟವೆಂದು ಯಾರಾದರೂ ತಿಳಿದಿದ್ದರೆ ಎರಡು ಉದಾಹರಣೆ ಹೇಳುತ್ತೇವೆ. 2010ರ ಜನವರಿ 12ರಂದು ಹೈಟಿ ಎಂಬ ಬಡ ದೇಶದಲ್ಲಿ ಭೂಕಂಪವಾಗಿ ಅದರ ರಾಜಧಾನಿ ಕುಸಿದುಬಿತ್ತು. ಹೊರಗಿನಿಂದ ಬಂದ ರಕ್ಷಣಾ ತಂಡಗಳಿಗೆ ಬಳಸುವಂಥ ಬೀದಿನಕ್ಷೆ ಇರಲಿಲ್ಲ. ಆಕಾಶದಿಂದ ತೆಗೆದ ಚಿತ್ರಗಳನ್ನು ನೋಡಿ ಬೇರೆ ಬೇರೆ ದೇಶಗಳ ನೂರಾರು ಸ್ವಯಂಸೇವಕರು ತಮ್ಮ ಮನೆಯಲ್ಲಿಯೇ ಕುಳಿತು, ಕೆಲವೇ ದಿನಗಳಲ್ಲಿ ಆ ನಗರದ ಬೀದಿಗಳನ್ನು, ಕುಸಿದ ಕಟ್ಟಡಗಳನ್ನು, ನಿರಾಶ್ರಿತರ ಡೇರೆಗಳನ್ನು ಈ ಮುಕ್ತ ನಕ್ಷೆಯಲ್ಲಿ ಬರೆದರು. ರಕ್ಷಣಾ ತಂಡಗಳು ಅದನ್ನೇ ತಮ್ಮ ಯಂತ್ರಗಳಿಗೆ ತುಂಬಿಕೊಂಡು ಓಡಾಡಿದವು.

ಎರಡನೆಯದು ನಮಗೆ ಇನ್ನೂ ಹತ್ತಿರದ್ದು. ಕೀನ್ಯಾದ ನೈರೋಬಿಯಲ್ಲಿ ಕಿಬೇರಾ ಎಂಬ ಬಡವರ ಬಹುದೊಡ್ಡ ವಸತಿ ಇದೆ. ಮಣ್ಣಿನ ಗೋಡೆ, ತಗಡಿನ ಮಾಡು, ನಡುವೆ ಹರಿಯುವ ಮೋರಿ. ನಮ್ಮಲ್ಲಿ ಅನೇಕರಿಗೆ ಅದನ್ನು ವರ್ಣಿಸಿ ಹೇಳಬೇಕಾಗಿಲ್ಲ. ಸರಕಾರದ ನಕ್ಷೆಯಲ್ಲಿ ಆ ಜಾಗಕ್ಕೆ ಇದ್ದ ಹೆಸರು ಕಾಡು! 2009ರ ಕೊನೆಯಲ್ಲಿ ಅಲ್ಲಿಯ ಹಳ್ಳಿಗೊಬ್ಬರಂತೆ ಆರಿಸಿದ ಹದಿಮೂರು ಜನ ತರುಣ ತರುಣಿಯರು ಜಿ.ಪಿ.ಎಸ್. ಹಿಡಿದು ಓಣಿ ಓಣಿ ನಡೆದರು. ನೀರು ಮಾರುವ ಜಾಗ, ಸಂಡಾಸು, ದವಾಖಾನೆ, ಶಾಲೆ, ದೀಪವಿಲ್ಲದ ಹಾದಿ, ಎಲ್ಲವನ್ನೂ ಬರೆದರು. ಕಾಡೆಂದು ಕರೆದ ಜಾಗ ಊರಾಯಿತು. ಶಾಲೆ ಎಷ್ಟು, ದವಾಖಾನೆ ಎಷ್ಟು ಎಂದು ಎಣಿಸಿ ತೋರಿಸಿ ಮಾತನಾಡಲು ಅಲ್ಲಿಯ ಜನರಿಗೆ ಆಧಾರ ಸಿಕ್ಕಿತು. ಅವರು ಇಂಜಿನಿಯರುಗಳಲ್ಲ. ಅದೇ ಓಣಿಯ ಮಕ್ಕಳು.

ಮುಂಬಯಿಯ ಗಿರಣಿ ಬಂಧುಗಳಿಗೆ ನಕ್ಷೆಯ ಬೆಲೆಯನ್ನು ನಾವು ಕಲಿಸಬೇಕಾಗಿಲ್ಲ. 1982ರ ಜನವರಿ 18ರಂದು ಆರಂಭವಾದ ಮಹಾ ಮುಷ್ಕರದಲ್ಲಿ ಎರಡೂವರೆ ಲಕ್ಷದಷ್ಟು ಕಾಮಗಾರರು ಹೊರಗೆ ಬಂದರು. ಅವರಲ್ಲಿ ಬಹುಮಂದಿ ಮರಳಿ ಒಳಗೆ ಹೋಗಲೇ ಇಲ್ಲ. ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಉಳಿದದ್ದು ನೆಲ. 1991ರ ನಿಯಮದಂತೆ ಆ ನೆಲವನ್ನು ಹೆಚ್ಚುಕಡಿಮೆ ಮೂರು ಪಾಲು ಮಾಡಬೇಕಾಗಿತ್ತು. ಒಂದು ಪಾಲು ನಗರಪಾಲಿಕೆಗೆ, ಬಯಲು ಮತ್ತು ಉದ್ಯಾನಕ್ಕಾಗಿ. ಒಂದು ಪಾಲು ಸರಕಾರದ ಗೃಹಮಂಡಳಿಗೆ, ಜನರ ಮನೆಗಳಿಗಾಗಿ. ಒಂದು ಪಾಲು ಮಾಲಿಕರಿಗೆ. 2001ರಲ್ಲಿ ನಿಯಮವನ್ನು ಬದಲಿಸಿ, ಕಟ್ಟಡವಿಲ್ಲದ ಖಾಲಿ ನೆಲವನ್ನು ಮಾತ್ರ ಹಾಗೆ ಹಂಚಿದರೆ ಸಾಕು ಎಂದು ಮಾಡಿದರು. ಗಿರಣಿಯೊಳಗೆ ಖಾಲಿ ನೆಲ ಎಷ್ಟಿದ್ದೀತು? ಸಾರ್ವಜನಿಕರ ಪಾಲು ಬಹಳ ಸಣ್ಣದಾಯಿತು. 2006ರಲ್ಲಿ ಸುಪ್ರೀಂ ಕೋರ್ಟು ಆ ಬದಲಾವಣೆಯನ್ನು ಎತ್ತಿಹಿಡಿಯಿತು.

ನಮ್ಮ ಕೈಯಲ್ಲಿ ನಕ್ಷೆಯಿದ್ದಿದ್ದರೆ ನಾವು ಗೆಲ್ಲುತ್ತಿದ್ದೆವು ಎಂದು ನಾವು ಹೇಳುವುದಿಲ್ಲ. ಹಾಗೆ ಹೇಳಿದರೆ ಸುಳ್ಳಾದೀತು. ಆದರೆ ಒಂದು ಮಾತು ನಿಜ. ಯಾವುದು ಖಾಲಿ, ಯಾವುದು ಖಾಲಿಯಲ್ಲ, ಎಲ್ಲಿಯವರೆಗೆ ಕಂಪೌಂಡು, ಎಲ್ಲಿಂದ ಚಾಳು ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ನಕ್ಷೆಯಲ್ಲಿಯೇ ಇತ್ತು. ಆ ನಕ್ಷೆಗಳನ್ನು ಬಿಡಿಸಿ ಓದುವ ಕಣ್ಣು ಎದುರು ಪಕ್ಷದಲ್ಲಿ ಹೇರಳವಾಗಿತ್ತು, ನಮ್ಮ ಪಕ್ಷದಲ್ಲಿ ವಿರಳವಾಗಿತ್ತು. ಮುಂದೆಯೂ ಚಾಳುಗಳ ಪುನರ್ನಿರ್ಮಾಣ ಬರುತ್ತದೆ, ರಸ್ತೆ ಅಗಲ ಮಾಡುವುದು ಬರುತ್ತದೆ, ಗುಡಿಸಲುಗಳ ಗಣತಿ ಬರುತ್ತದೆ. ಪ್ರತಿಸಲವೂ ಯಾರೋ ಒಬ್ಬರು ಮೇಜಿನ ಮೇಲೆ ನಕ್ಷೆ ಹಾಸಿ, ಇಲ್ಲಿ ಏನೂ ಇಲ್ಲ ಎಂದು ಬೆರಳು ತೋರಿಸುತ್ತಾರೆ. ಆಗ ಇನ್ನೊಂದು ನಕ್ಷೆಯನ್ನು ಪಕ್ಕಕ್ಕೆ ಹಾಸಿ, ಸ್ವಾಮಿ, ಇಲ್ಲಿ ಎರಡು ನಳ, ಒಂದು ಬಾಲವಾಡಿ, ಎಂಬತ್ತು ಖೋಲಿಗಳಿವೆ ಎಂದು ಹೇಳುವವರು ನಮ್ಮಲ್ಲಿ ಬೇಕು.

ಈ ನಕ್ಷೆಯ ಮಿತಿಯನ್ನೂ ಮುಚ್ಚಿಡಬಾರದು. ಮುಕ್ತ ನಕ್ಷೆ ಕೋರ್ಟಿನ ದಾಖಲೆಯಲ್ಲ. ಅದರಲ್ಲಿ ನಿಮ್ಮ ಖೋಲಿ ಇದೆಯೆಂದು ಖೋಲಿಯ ಹಕ್ಕು ಬರುವುದಿಲ್ಲ. ರೇಶನ್ ಕಾರ್ಡು, ಬಾಡಿಗೆಯ ಪಾವತಿ, ಲೈಟಿನ ಬಿಲ್ಲು, ಇವನ್ನೆಲ್ಲ ಜೋಪಾನವಾಗಿಡಲೇಬೇಕು. ನಕ್ಷೆ ಅವುಗಳ ಬದಲಿಗೆ ನಿಲ್ಲುವುದಲ್ಲ, ಅವುಗಳ ಪಕ್ಕದಲ್ಲಿ ನಿಲ್ಲುವುದು.

ಫೋನಿನಲ್ಲಿ ಕಂಪೆನಿಯ ನಕ್ಷೆ ಪುಕ್ಕಟೆಯಾಗಿಯೇ ಇದೆಯಲ್ಲ, ಇನ್ನೊಂದು ಏಕೆ ಎಂದು ಕೆಲವರು ಕೇಳಿದ್ದಾರೆ. ಪುಕ್ಕಟೆ ಬೇರೆ, ಮುಕ್ತ ಬೇರೆ. ಕಂಪೆನಿಯ ನಕ್ಷೆಯಲ್ಲಿ ನೀವು ತಪ್ಪು ತಿದ್ದಿದರೆ ಆ ತಿದ್ದುಪಡಿ ಅವರ ಸೊತ್ತಿಗೆ ಸೇರುತ್ತದೆ. ಒಪ್ಪುವುದು ಬಿಡುವುದು ಅವರ ಇಷ್ಟ. ಒಟ್ಟು ಮಾಹಿತಿಯನ್ನು ನೀವು ತೆಗೆದುಕೊಂಡು ನಿಮ್ಮ ಸಂಘದ ಕೆಲಸಕ್ಕೆ ಬಳಸುವಂತಿಲ್ಲ. ಅದರಲ್ಲಿ ಜಾಹೀರಾತಿನ ಲೆಕ್ಕವೂ ಕೂಡಿರುತ್ತದೆ. ಇಂದು ಪುಕ್ಕಟೆಯಾದದ್ದು ನಾಳೆಯೂ ಹಾಗೇ ಇರುತ್ತದೆಂಬ ಭರವಸೆಯಿಲ್ಲ. 2018ರಲ್ಲಿ ಗೂಗಲ್ ಸಂಸ್ಥೆ ತನ್ನ ನಕ್ಷೆಯನ್ನು ಇತರ ತಂತ್ರಾಂಶಗಳು ಬಳಸುವುದಕ್ಕೆ ವಿಧಿಸುವ ದರದ ಪದ್ಧತಿಯನ್ನು ಬದಲಿಸಿದಾಗ, ಅನೇಕ ಸಣ್ಣ ಸಂಸ್ಥೆಗಳು ಖರ್ಚು ತಾಳಲಾರದೆ ಮುಕ್ತ ನಕ್ಷೆಯ ಕಡೆಗೆ ಬಂದವು. ಮಾಲಿಕನ ಖೋಲಿಯಲ್ಲಿ ಬಾಡಿಗೆಯಿಲ್ಲದೆ ಮಲಗುವವನಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೆಲಸ ಹೋದ ದಿನ ಹಾಸಿಗೆಯೂ ಹೋಗುತ್ತದೆ.

ಇನ್ನು ಕೆಲವರು, ದೊಡ್ಡ ಕಂಪೆನಿಗಳೂ ಈ ಮುಕ್ತ ನಕ್ಷೆಯನ್ನು ಬಳಸಿ ಲಾಭ ಮಾಡುತ್ತಿಲ್ಲವೆ, ನಾವು ಅವರಿಗೆ ಬಿಟ್ಟಿ ದುಡಿಯಬೇಕೆ ಎನ್ನುತ್ತಾರೆ. ಇದು ಮೊನಚಾದ ಪ್ರಶ್ನೆ. ಹೌದು, ಬಳಸುತ್ತವೆ. ಫೇಸ್‌ಬುಕ್, ಆ್ಯಪಲ್, ಅಮೆಜಾನ್, ಮೈಕ್ರೋಸಾಫ್ಟ್ ಸಂಸ್ಥೆಗಳು ಇದನ್ನು ಬಳಸಿವೆ, ಇದಕ್ಕೆ ಮಾಹಿತಿಯನ್ನೂ ಸೇರಿಸಿವೆ. ಸಾರ್ವಜನಿಕ ಬಾವಿಯಿಂದ ಸಾಹುಕಾರನೂ ನೀರು ಸೇದುತ್ತಾನೆ. ಅದಕ್ಕಾಗಿ ನಾವು ಬಾವಿ ತೋಡುವುದನ್ನು ಬಿಟ್ಟರೆ ಬಾಯಾರುವವರು ನಾವೇ. ಬಾವಿಗೆ ಅವನು ಬೀಗ ಹಾಕದಂತೆ ನೋಡಿಕೊಂಡರೆ ಸರಿ. ಆ ಕಾವಲನ್ನು ಮೇಲೆ ಹೇಳಿದ ಹೆಪ್ಪಿನ ನಿಯಮ ಮಾಡುತ್ತದೆ.

ನಮ್ಮ ಹೋಟೆಲು ಹುಡುಗರಲ್ಲಿ ಅನೇಕರು ಈಗ ಮಾಣಿಯ ಕೆಲಸ ಬಿಟ್ಟು ಬೈಕಿನ ಮೇಲೆ ಊಟದ ಪೊಟ್ಟಣ ಮುಟ್ಟಿಸುವ ಕೆಲಸಕ್ಕೆ ಹೋಗಿದ್ದಾರೆ. ಅವರ ಗಳಿಕೆಯಲ್ಲಿ ದೂರದ ಲೆಕ್ಕ ಇರುತ್ತದೆ. ಆ ದೂರವನ್ನು ಹೇಳುವುದು ನಕ್ಷೆ. ನಕ್ಷೆಗೆ ಮುಚ್ಚಿದ ಗೇಟು ಗೊತ್ತಿಲ್ಲದಿದ್ದರೆ, ಸುತ್ತಿ ಹೋದ ದೂರದ ಪೆಟ್ರೋಲು ಹುಡುಗನ ಜೇಬಿನಿಂದ ಹೋಗುತ್ತದೆ. ತಡವಾದರೆ ಗಿರಾಕಿಯ ಬೈಗುಳವೂ ಅವನಿಗೇ. ಹಿಂದೆ ಗಿರಣಿಯಲ್ಲಿ ಬಟ್ಟೆಯ ವಾರು ಅಳೆಯುವಾಗ ಕಾಮಗಾರ ಅಳತೆಗೋಲಿನ ಮೇಲೆ ಕಣ್ಣಿಡುತ್ತಿದ್ದ. ಇಂದಿನ ಅಳತೆಗೋಲು ನಕ್ಷೆ. ಅದರ ಮೇಲೂ ನಮ್ಮ ಕಣ್ಣಿರಬೇಕು. ಇಂತಿಂಥ ಕಡೆ ನಕ್ಷೆಯ ದೂರ ಇಷ್ಟು, ನಿಜವಾದ ದೂರ ಇಷ್ಟು ಎಂದು ಹತ್ತು ಹುಡುಗರು ಬರೆದಿಟ್ಟರೆ ಅದು ಗೊಣಗಾಟವಾಗಿ ಉಳಿಯುವುದಿಲ್ಲ, ಬೇಡಿಕೆಯಾಗುತ್ತದೆ.

ಇದು ನಮ್ಮಿಂದಾಗುವ ಕೆಲಸವೇ ಎಂಬ ಅಂಜಿಕೆಯೂ ಕೆಲವರಿಗಿದೆ. ಈ ಸಾಲುಗಳನ್ನು ಬರೆಯುತ್ತಿರುವ ನಾವೂ ಏಳನೆಯ ತರಗತಿಯಿಂದಾಚೆಗೆ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಎರಡು ಮಧ್ಯಾಹ್ನಗಳಲ್ಲಿ ಕಲಿತೆವು. ಸ್ಟ್ರೀಟ್‌ಕಂಪ್ಲೀಟ್ ಎಂಬ ಮುಕ್ತ ತಂತ್ರಾಂಶವನ್ನು ಫೋನಿನಲ್ಲಿ ಹಾಕಿಕೊಂಡು ರಸ್ತೆಗೆ ಇಳಿದರೆ ಅದೇ ಪ್ರಶ್ನೆ ಕೇಳುತ್ತದೆ. ಈ ಬೀದಿಯ ಹೆಸರೇನು? ಇಲ್ಲಿ ದೀಪವಿದೆಯೆ? ನೆಲ ಕಲ್ಲಿನದೋ ಡಾಂಬರಿನದೋ? ಕಣ್ಣಿಗೆ ಕಂಡ ಉತ್ತರವನ್ನು ಒತ್ತಿದರೆ ಸಾಕು. ಆರ್ಗ್ಯಾನಿಕ್ ಮ್ಯಾಪ್ಸ್ ಎಂಬ ಇನ್ನೊಂದು ಇದೆ. ಒಮ್ಮೆ ನಕ್ಷೆ ಇಳಿಸಿಕೊಂಡರೆ ಇಂಟರ್‌ನೆಟ್ ಇಲ್ಲದಾಗಲೂ ದಾರಿ ತೋರಿಸುತ್ತದೆ. ರೀಚಾರ್ಜಿಗೆ ಹಣವಿಲ್ಲದ ತಿಂಗಳ ಕೊನೆಯಲ್ಲಿ ಇದು ಸಣ್ಣ ಉಪಕಾರವಲ್ಲ. ಫೋನು ಬೇಡವೆನ್ನುವ ಹಿರಿಯರಿಗೆ ಕಾಗದವಿದೆ. ಓಣಿಯ ನಕ್ಷೆಯನ್ನು ಅಚ್ಚು ಮಾಡಿ ಕೊಡುತ್ತೇವೆ. ಪೆನ್ಸಿಲಿನಿಂದ ಗುರುತು ಹಾಕಿ ತಂದರೆ ತರುಣರು ಕಂಪ್ಯೂಟರಿಗೆ ಏರಿಸುತ್ತಾರೆ. ಎತ್ತರದ ಕಟ್ಟಡಗಳ ನಡುವಣ ಸಂದಿಯಲ್ಲಿ ಜಿ.ಪಿ.ಎಸ್. ಹತ್ತಾರು ಅಡಿ ತಪ್ಪು ತೋರಿಸುವುದುಂಟು. ಅಲ್ಲಿ ಹಳಬರ ಪೆನ್ಸಿಲೇ ಹೆಚ್ಚು ಸರಿ.

ಇನ್ನೊಂದು ಸಂತೋಷದ ಸಂಗತಿ. ಈ ನಕ್ಷೆಯಲ್ಲಿ ಒಂದು ಸ್ಥಳಕ್ಕೆ ಅನೇಕ ಭಾಷೆಗಳ ಹೆಸರನ್ನು ಬರೆಯಬಹುದು. ಮುಖ್ಯ ಹೆಸರು ಊರಿನಲ್ಲಿ ಬಳಕೆಯಲ್ಲಿರುವಂತೆಯೇ ಇರುತ್ತದೆ. ಅದರ ಪಕ್ಕದಲ್ಲಿ ಕನ್ನಡದ ಹೆಸರಿಗೂ ಒಂದು ಖಾನೆಯಿದೆ. ಮೊದಲ ಸಲ ಊರಿನಿಂದ ಬರುವ ಹುಡುಗ ದಾದರ್, ಮಾಟುಂಗಾ, ವಡಾಳಾ ಎಂಬ ಹೆಸರುಗಳನ್ನು ಕನ್ನಡದಲ್ಲಿ ಓದಿಕೊಂಡು ನಡೆಯುವಂತೆ ಮಾಡುವುದು ನಮ್ಮ ಕೈಯಲ್ಲಿಯೇ ಇದೆ. ಯಾರ ಭಾಷೆಯನ್ನೂ ಅಳಿಸದೆ ನಮ್ಮ ಭಾಷೆಯನ್ನು ಸೇರಿಸುವ ಮಾರ್ಗ ಇದು.

ಕೆಲಸಕ್ಕೆ ಇಳಿಯುವವರು ಪಾಲಿಸಬೇಕಾದ ಕೆಲವು ನಿಯಮಗಳಿವೆ. ಕಣ್ಣಾರೆ ಕಾಣದ್ದನ್ನು ಬರೆಯಬಾರದು. ಕಂಪೆನಿಗಳ ನಕ್ಷೆಯನ್ನು ನೋಡಿ ನಕಲು ಮಾಡಬಾರದು. ಅದು ಕಾನೂನಿಗೆ ವಿರುದ್ಧ, ಮಾಡಿದ ಕೆಲಸವೂ ಅಳಿಸಿಹೋಗುತ್ತದೆ. ಯಾರ ಖೋಲಿ, ಯಾರ ಫೋನು, ಯಾವ ಜಾತಿ ಎಂಬುದನ್ನು ಬರೆಯಲೇಬಾರದು. ನಕ್ಷೆ ಜಾಗದ್ದು, ಜನರ ಗುಟ್ಟಿನದಲ್ಲ. ನಕ್ಷೆಯನ್ನು ಕೆಡವುವವರೂ ನೋಡುತ್ತಾರೆ ಎಂಬುದನ್ನು ಮರೆಯಬಾರದು. ಆದುದರಿಂದ ಒಂದು ಓಣಿಯನ್ನು ಬರೆಯುವ ಮೊದಲು ಆ ಓಣಿಯವರನ್ನು ಕೂಡಿಸಿ ಕೇಳಬೇಕು. ಅವರು ಬೇಡವೆಂದರೆ ಬಿಡಬೇಕು. ದೇಶದ ಗಡಿ ಕಾಣುವ ನಕ್ಷೆಯನ್ನು ಅಚ್ಚು ಹಾಕುವ ಪ್ರಸಂಗ ಬಂದರೆ ಸರ್ವೇ ಆಫ್ ಇಂಡಿಯಾದ ಗಡಿರೇಖೆಯನ್ನೇ ಬಳಸಬೇಕು. ಯಾರು ಯಾವಾಗ ಏನು ಬದಲಿಸಿದರೆಂಬುದು ಈ ನಕ್ಷೆಯಲ್ಲಿ ದಾಖಲಾಗಿ ಉಳಿಯುತ್ತದೆ. ಸಂಘದ ಹೆಸರಿಗೆ ಕಳಂಕ ಬರುವಂತಹ ಕೆಲಸವನ್ನು ಯಾರೂ ಮಾಡಬಾರದು.

ಸಂಘದ ಕಾರ್ಯಕಾರಿ ಸಮಿತಿಯ ಮುಂದೆ ನಮ್ಮ ಸಲಹೆ ಇಷ್ಟು. ಬರುವ ತಿಂಗಳಿನಿಂದ ಪ್ರತಿ ಮಂಗಳವಾರ ಮಧ್ಯಾಹ್ನ ಮೂರರಿಂದ ಐದರವರೆಗೆ, ಊಟದ ಹೊತ್ತು ಮುಗಿದು ಸಂಜೆಯ ತಿಂಡಿಗೆ ಒಲೆ ಹಚ್ಚುವ ಮುನ್ನ ಸಿಗುವ ಬಿಡುವಿನಲ್ಲಿ, ಸಂಘದ ಖೋಲಿಯಲ್ಲಿ ಈ ಕೆಲಸ ನಡೆಯಲಿ. ಬಾಹರ್‌ವಾಲಾ ಹುಡುಗರು ಕಲಿಸುವವರಾಗಲಿ, ನಿವೃತ್ತರಾದ ಗಿರಣಿ ಬಂಧುಗಳು ಹಳೆಯ ಗೇಟು, ಹಳೆಯ ದಾರಿಗಳ ನೆನಪು ಹೇಳಲಿ. ಊರೆಲ್ಲವನ್ನೂ ಒಮ್ಮೆಗೇ ಹಿಡಿಯುವುದು ಬೇಡ. ಮೊದಲು ನಾಲ್ಕೇ ಓಣಿ. ಓಣಿಯ ಬಾಯಿ ಎಲ್ಲಿ, ಅಂಬ್ಯುಲೆನ್ಸು ಎಲ್ಲಿಯವರೆಗೆ ಬರುತ್ತದೆ, ಅಲ್ಲಿಂದ ಮುಂದೆ ಕೈಗಾಡಿಯಾದರೂ ಹೋಗುತ್ತದೆಯೆ, ನಳ ಎಲ್ಲಿ, ಸಂಡಾಸು ಎಷ್ಟು, ರಾತ್ರಿ ತೆರೆದಿರುವ ದವಾಖಾನೆ ಯಾವುದು, ಇಷ್ಟನ್ನು ಬರೆದರೆ ಸಾಕು. ಬರೆದ ನಕ್ಷೆಯ ಒಂದು ಪ್ರತಿಯನ್ನು ಪ್ರತಿಯೊಂದು ಖೋಲಿಯ ಬಾಗಿಲ ಹಿಂದೆ ಅಂಟಿಸೋಣ. ಇನ್ನೊಂದನ್ನು ವಾರ್ಡಿನ ಕಚೇರಿಗೆ ಅರ್ಜಿಯೊಡನೆ ಕೊಟ್ಟು ಸ್ವೀಕೃತಿ ಪಡೆಯೋಣ.

ಮೊದಲನೆಯ ಓಣಿ ಯಾವುದಾಗಬೇಕೆಂದು ನಾಲ್ವರು ಹುಡುಗರು ಆಗಲೇ ಗೊತ್ತುಮಾಡಿದ್ದಾರೆ. ಅಂದು ಬೆಂಚು ಹೊತ್ತವರು ಅವರೇ. ಊರಿನಲ್ಲಿರುವ ಭಟ್ಟರಿಗೂ ಈ ವಿಷಯ ಬರೆದಿದ್ದಾರೆ. ಮಂಗಳವಾರ ಬನ್ನಿರಿ, ಬಂಧುಗಳೇ. ಬರುವಾಗ ಒಂದು ಪೆನ್ಸಿಲು ತನ್ನಿರಿ.